ಬೇಡ ಎನ್ನುವ ಮಾತು

ಗಂಡನ ರಿವಾಲ್ವರನ್ನು ಕದ್ದವಳು ಗುಲಾಬಿಯೇ. ಅಮೆರಿಕದ ಪಾರ್ಸಿಪನಿಯ ಹೆದ್ದಾರಿ ಪಕ್ಕದ ಅವರ ಮೋಟೆಲಿನಲ್ಲಿ ಆಯುಧಪೂಜೆಯ ದಿನ ಕಾರಿನ ಕೀ, ಹುಲ್ಲು ಕತ್ತರಿಸುವ ಯಂತ್ರ, ಕಾರ್ಡ್ ಉಜ್ಜುವ ಮೆಷಿನ್ನು ಎಲ್ಲದರ ಜೊತೆ ಆ ರಿವಾಲ್ವರಿಗೂ ಕುಂಕುಮ ಹಚ್ಚಿ ಹೂವಿಡುವುದು ವಾಡಿಕೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟಬಾರದು. ವರ್ಷವಿಡೀ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ನಿತ್ಯಾನಂದ, ಅದೊಂದು ದಿನ ಮಾತ್ರ ಅದನ್ನು ದೇವರ ಮುಂದೆ ಬಿಟ್ಟು ಮಲಗುತ್ತಿದ್ದ. ಈ ಸಲ ಅವನು ಮಲಗಿದ ಮೇಲೆ ಗುಲಾಬಿ ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಕೆರೆಗೆ ಎಸೆದು ಬಂದಳು. ಬೆಳಿಗ್ಗೆ, ಯಾರೋ ಕದ್ದರೆಂದು ತಾನೇ ಬೊಬ್ಬೆ ಹಾಕಿದಳು.

ಕದಿಯದೆ ಏನು ಮಾಡಿಯಾಳು? ಹಿಂದಿನ ವರ್ಷ ಬ್ಯಾಂಕುಗಳು ದಿವಾಳಿಯೆದ್ದ ಮೇಲೆ ಸುತ್ತಲಿನ ಆಫೀಸುಗಳು ಖಾಲಿಯಾಗಿ, ಮೋಟೆಲಿನತ್ತ ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಖಾಲಿ ರೂಮಿನ ಬಾಗಿಲು ತೆರೆದರೆ, ನಿತ್ಯಾನಂದ ರಿವಾಲ್ವರನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕುಳಿತಿದ್ದ.

"ಕ್ಲೀನ್ ಮಾಡ್ತಾ ಇದ್ದೆ ಮಾರಾಯ್ತಿ" ಎಂದ. ಕೈಯಲ್ಲಿ ಒಂದು ಬಟ್ಟೆಚೂರೂ ಇರಲಿಲ್ಲ.

ಈಗ ಅವನಿಗೆ ಹೊಸದೊಂದು ಬೇಕಂತೆ. ನ್ಯೂಜೆರ್ಸಿಯಲ್ಲಿ ಅದನ್ನು ಬದನೆಕಾಯಿಯಂತೆ ಕೊಂಡು ತರುವ ಹಾಗಿಲ್ಲ. ಪೊಲೀಸರ ಪರ್ಮಿಟ್ ಬೇಕು, ಒಂದು ಪರ್ಮಿಟ್ಟಿಗೆ ಒಂದೇ ಗನ್ನು, ಆಸಾಮಿ ಒಳ್ಳೆಯವನೆಂದು ಪರಿಚಯದ ಇಬ್ಬರು ಬರೆದುಕೊಡಲೂ ಬೇಕು. ಇಷ್ಟು ಬೇಲಿ ಇವನು ದಾಟಲಾರ ಎಂದು ಗುಲಾಬಿ ನಂಬಿದ್ದಳು. ನಮ್ಮವರನ್ನು ಕೇಳಬೇಕೆ! ವೀಸಾಕ್ಕೆ ಬರೆದುಕೊಡುವ ಹಾಗೆ ಹೊಗಳಿ ಬರೆದರು.

ಪಿಸ್ಕಾಟವೇಯಿಂದ ಗೆಳತಿ ಮಾಧವಿ ಫೋನ್ ಮಾಡಿ, "ನಿತ್ಯಣ್ಣ ಅಂದ್ರೆ ದೇವರಂಥ ಮನುಷ್ಯ ಅಂತ ಬರ್ದಿದ್ದೇನೆ, ಸಾಕಲ್ಲ?" ಎಂದಳು. ಅವಳಿಗೆ ನಿಜ ಹೇಳಿಬಿಟ್ಟರೆ ಭಾನುವಾರ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ಮುಗಿಯುವುದರೊಳಗೆ ಗಂಡನ ಮಾನ ಹರಾಜಾಗುತ್ತದೆಂದು ಹೆದರಿ, ಗುಲಾಬಿ ಥ್ಯಾಂಕ್ಸ್ ಹೇಳಿದಳು. ಸುಡುಗಾಡು ಮಾನ!

ಪರ್ಮಿಟ್ ಬಂತು. ಒಬ್ಬನನ್ನೇ ಕಳಿಸಲು ಧೈರ್ಯ ಸಾಲದೆ ಅವಳೂ ಅಂಗಡಿಗೆ ಹೋದಳು. ಅಂಗಡಿಯವನು ಗಾಜಿನ ಕಪಾಟಿನಿಂದ ಒಂದೊಂದೇ ತೆಗೆದು ತೋರಿಸಿದ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಸಿಗುವುದೆಲ್ಲ ಇಲ್ಲಿ ಮಾರುವಂತಿಲ್ಲ, ಹದಿನೈದು ಗುಂಡಿಗಿಂತ ಹೆಚ್ಚು ತುಂಬುವಂತಿಲ್ಲ ಎಂದು ಬೇಸರಪಟ್ಟುಕೊಂಡ.

"ಅಷ್ಟೆಲ್ಲ ಎಂತಕ್ಕೆ?" ಎಂದು ನಿತ್ಯಾನಂದ ಕನ್ನಡದಲ್ಲಿ ತನ್ನಷ್ಟಕ್ಕೆ ಹೇಳಿಕೊಂಡ.

ಗುರಿಯ ಬಗ್ಗೆ ಅವನು ಕೇಳಲಿಲ್ಲ, ದೂರದ ಬಗ್ಗೆಯೂ ಕೇಳಲಿಲ್ಲ. ಸಣ್ಣ ರಿವಾಲ್ವರೊಂದನ್ನು ಕೈಗೆತ್ತಿಕೊಂಡು, ಮೊದಲ ಸಲವೇ ಕೆಲಸ ಮಾಡುತ್ತದೆ ತಾನೆ ಎಂದಷ್ಟೇ ಕೇಳಿದ. ಅಂಗಡಿಯವನ ಮುಖ ಬದಲಾಯಿತು. ಗುಲಾಬಿಯತ್ತ ತಿರುಗಿ, "ನಿಮಗೆ ಒಪ್ಪಿಗೆಯೇ ಮೇಡಮ್? ನೀವು ಬೇಡ ಅಂದರೆ ನಾನು ಮಾರುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಒಂದು ಮಾತು ಸಾಕಿತ್ತು. ಹೊರಗಿನವರ ಮುಂದೆ ಗಂಡನನ್ನು ಬಿಟ್ಟುಕೊಟ್ಟು ಗೊತ್ತಿಲ್ಲದ ಬಾಯಿ, "ಹಿ ಈಸ್ ವೆರಿ ಕೇರ್‌ಫುಲ್ ಮ್ಯಾನ್" ಎಂದುಬಿಟ್ಟಿತು.

ಡಿಕ್ಕಿಯಲ್ಲಿ ಪೊಟ್ಟಣವಿಟ್ಟು ಬಂದು ನಿತ್ಯಾನಂದ ಕಾರು ಸ್ಟಾರ್ಟ್ ಮಾಡಿದ.

"ಮುಂಚಿನದ್ದನ್ನು ತೆಗ್ದದ್ದು ನೀನೇ ಅಂತ ನಂಗೆ ಅವತ್ತೇ ಗೊತ್ತಿತ್ತು" ಎಂದ. "ಇವತ್ತು ಸಹ ಬೇಡ ಅಂತೀ ಅಂತ ಕಾದೆ."

ಗುಲಾಬಿ ಅವನ ಕೈ ಹಿಡಿದುಕೊಂಡಳು. "ಬೇಡ ಮಾರಾಯ್ರೆ, ಬೇಡ! ಈಗ್ಲೇ ಹೋಗಿ ವಾಪಸ್ ಕೊಟ್ಟು ಬರುವ."

"ಮಾರಿದ್ದನ್ನು ಅವ್ರು ವಾಪಸ್ ತಗೊಳ್ಳುದಿಲ್ಲ ಗುಲಾಬಿ" ಎಂದು ಅವನು ಇಂಡಿಕೇಟರ್ ಹಾಕಿ ಹೆದ್ದಾರಿಗೆ ಇಳಿದ.