ಮೇಸ್ತ್ರಿಯ ಕೊರಳಿನ ಬಿಲ್ಲೆ

ಕಡು ಬೇಸಿಗೆಯ ಒಂದು ಬೆಳಗ್ಗೆ, ಸಿಯೋಲ್ ಪೇಟೆಯ ಹೊಲಿಗೆ ಕಾರ್ಖಾನೆಯಲ್ಲಿ ಯಂತ್ರಗಳು ಆಗಷ್ಟೇ ಸದ್ದು ಶುರುಮಾಡಿದ್ದವು. ಒಕ್‌ಬುನ್ ಪಕ್ಕದಲ್ಲಿ ಹೊಲಿಯುವ ಮಾಲ್ಜಾ ಕೆಳಹೊಟ್ಟೆ ಹಿಡಿದು ಬಾಗಿದ್ದಳು.

“ಉಚ್ಚೆ ಉರಿಯುತ್ತೇನೇ?” ಒಕ್‌ಬುನ್ ಕೇಳಿದಳು.

“ಬೆಂಕಿ ಅಕ್ಕಾ. ರಕ್ತಾನೂ ಬಂತು.”

“ನೀರು ಕುಡೀತಿಲ್ವಾ?”

“ಕುಡಿದ್ರೆ ಹೋಗ್ಬೇಕಲ್ಲ. ಆ ಮೇಸ್ತ್ರಿ ಹತ್ರ ಬಿಲ್ಲೆ ಕೇಳ್ಬೇಕಲ್ಲ.”

ಇಡೀ ಮಹಡಿಯ ಹೆಂಗಸರಿಗೆ ಒಂದೇ ಮರದ ಬಿಲ್ಲೆ. ಅದನ್ನು ಪಡೆಯದೆ ಕಕ್ಕಸಿಗೆ ಹೋಗುವಂತಿರಲಿಲ್ಲ. ಮೇಸ್ತ್ರಿ ನಾಮ್ ಅದನ್ನು ಕೊರಳಿಗೆ ಹಾಕಿಕೊಂಡಿರುತ್ತಿದ್ದ. ಅವನ ಬೆವರಿಗೆ ಅದು ಜಿಡ್ಡುಗಟ್ಟಿ ನಾರುತ್ತಿತ್ತು. ಕೊಡುವಾಗ ಹಲ್ಲು ಕಿರಿದು, “ನೀನೇನು ತೂತು ಬಿದ್ದ ಕೊಡವಾ?” ಅನ್ನುತ್ತಿದ್ದ. ಅದಕ್ಕೇ ಎಲ್ಲರೂ ಸಾರು ಬಿಟ್ಟು ಒಣ ಅನ್ನ ತಿಂದು, ಸಂಜೆವರೆಗೆ ತಡೆದುಕೊಂಡು ಕೂರುತ್ತಿದ್ದರು.

“ನೀನು ಈಗಲೇ ಡಾಕ್ಟರ ಹತ್ರ ನಡಿ,” ಎಂದು ಮಾಲ್ಜಾಳನ್ನು ಎಬ್ಬಿಸಿ, ಒಕ್‌ಬುನ್ ಬಾರ್ಲಿ ನೀರಿನ ಕೆಟಲನ್ನು ಉಳಿದವರ ಮುಂದಿಟ್ಟಳು. “ಕುಡೀರೇ. ಬಂದಾಗ ಎದ್ದು ಹೋಗಿ. ತಡೆದ್ರೆ ನಿಮಗೂ ಇದೇ ಗತಿ.”

ತಾನು ಬಿಲ್ಲೆ ಇಸಿದುಕೊಂಡು ಹೋದಳು. ಹುಳು ಮಿಜಿಗುಡುವ ಕಕ್ಕಸು ಗುಂಡಿಗೆ ಅದನ್ನು ಬಿಟ್ಟು, ಬರಿಗೈಯಲ್ಲಿ ಬಂದಳು.

“ಬಿಲ್ಲೆ ಎಲ್ಲೇ?”

“ಗುಂಡೀಲಿದೆ ಮೇಸ್ತ್ರಿ. ಬೇಕಾದ್ರೆ ಕೈ ಹಾಕಿ ತಗೊಳ್ಳಿ.”

ಅವನು ಕಕ್ಕಸಿನ ಬಾಗಿಲವರೆಗೆ ಹೋಗಿ ಇಣುಕಿ, ಮೂಗು ಮುಚ್ಚಿಕೊಂಡು ವಾಪಸ್ ಬಂದ. ಅಷ್ಟರಲ್ಲಿ ಹೆಂಗಸರು ಕೇಳದೆಯೇ ಒಬ್ಬೊಬ್ಬರಾಗಿ ಎದ್ದು ಹೋಗಿಬರತೊಡಗಿದ್ದರು.

ಮಾಲ್ಜಾ ಔಷಧಿ ಕುಡಿದು ಗುಣವಾಗಿ ಕೆಲಸಕ್ಕೆ ಬಂದಳು. ಒಕ್‌ಬುನ್‌ಳನ್ನು ಮಾತ್ರ ಕೆಲಸದಿಂದ ತೆಗೆದರು. ಶನಿವಾರ ಅವಳು ಕೆಟಲಿಗೆ ನೀರು ತುಂಬಿಟ್ಟು, ತನ್ನ ಕತ್ತರಿ ತಗೊಂಡು ಹೊರಟುಹೋದಳು.