ಓದಿ ಹಾಕಿದ ರುಜು

ನಮ್ಮ ಮನೆಯವರು ಇಪ್ಪತ್ತೆರಡು ವರ್ಷ ಕಾರ್ಖಾನೆಯ ಬಾಯ್ಲರ್ ಪೈಪುಗಳಿಗೆ ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಸುತ್ತಿದವರು. ಸಂಜೆ ಬರುವಾಗ ಹುಬ್ಬೂ ಬೆಳ್ಳಗಾಗಿರುತ್ತಿತ್ತು. "ಬಂದ್ರಾ ಹಿಟ್ಟಿನ ಗಿರಣಿ ಸಾಹುಕಾರ್ರು!" ಎಂದು ನಾನು ನಗುತ್ತಿದ್ದೆ. ಆ ಧೂಳು ಎದೆಯೊಳಗೆ ಕೂತು, ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ ಕಾಯಿಲೆಯಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಹೋದ ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಯಿತು. ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್, ಮೆಸೊಥೆಲಿಯೋಮಾ ಎಂದರು ಡಾಕ್ಟರು. ಮಾಮೂಲಿ ಔಷಧಿ ಕೊಟ್ಟರೂ ಗಡ್ಡೆ ಮತ್ತೆ ಬೆಳೆಯಿತು. ಕೊನೆಗೆ, "ಇನ್ನೂ ಪರೀಕ್ಷೆಯಲ್ಲಿರೋ ಹೊಸ ಔಷಧಿ ಒಂದಿದೆ, ಸೇರ್ತೀರಾ?" ಎಂದು ಒಪ್ಪಿಗೆ ಪತ್ರ ಮುಂದಿಟ್ಟರು.

ಇವರು ಪೆನ್ನು ಮುಟ್ಟಲಿಲ್ಲ. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದರು.

"ನಾನೇನು ಪ್ರಯೋಗದ ಇಲಿಯೇನೇ?"

"ಇಲಿ ಇಷ್ಟು ಹಟ ಮಾಡಲ್ಲ ಬಿಡಿ" ಎಂದೆ ಸಿಟ್ಟಿನಲ್ಲಿ. ಪತ್ರವನ್ನು ನಾನೇ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದೆ.

ಪಕ್ಕದ ಮನೆಯ ನರ್ಸಮ್ಮ ಬಂದು ಕೂತಳು. "ಯಾಕಣ್ಣ ಬೇಡ? ಮನಸ್ಸಲ್ಲಿರೋದು ಹೇಳಿ."

ಇವರು ಎದ್ದು ಕೂತರು. "ಕಾರ್ಖಾನೇಲಿ ಪ್ರತಿ ತಿಂಗಳೂ 'ಮಾಸ್ಕ್ ಕೊಟ್ಟಿದೆ' ಅಂತ ರುಜು ಹಾಕಿಸ್ಕೊಳ್ತಿದ್ರಮ್ಮ. ಒಂದು ಮಾಸ್ಕೂ ಬರಲಿಲ್ಲ. ನಾನು ಓದದೆ ಹಾಕ್ತಾ ಹೋದೆ. ಇನ್ನೊಂದು ರುಜು ಹಾಕೋಕೆ ಭಯ ಆಗುತ್ತೆ."

ಇಷ್ಟು ವರ್ಷ ನನಗೂ ಹೇಳಿರಲಿಲ್ಲ.

"ಹಾಗಾದ್ರೆ ಇವತ್ತು ಹಾಕ್ಲೇಬೇಡಿ. ನಿಧಾನವಾಗಿ ಓದಿ. ಅರ್ಥ ಆಗದ ಕಡೆ ಗೆರೆ ಎಳೀರಿ. ಉತ್ತರ ಕೊಡೋದು ಡಾಕ್ಟರ ಕೆಲಸ, ಕೇಳೋದು ನಿಮ್ಮ ಹಕ್ಕು" ಎಂದಳು ನರ್ಸಮ್ಮ.

ನಾನು ಹೊಲಿಗೆಗೆ ಗುರುತು ಹಾಕುವ ಪೆನ್ಸಿಲನ್ನೇ ಹಿಡಿದು ಇವರು ಎರಡು ದಿನ ಓದಿದರು. ಹದಿಮೂರು ಗೆರೆ! ಆಸ್ಪತ್ರೆಗೆ ಹೋಗಿ ಒಂದೊಂದನ್ನೂ ಕೇಳಿದರು.

"ಬೇಡ ಅಂದ್ರೆ ಈಗಿನ ಚಿಕಿತ್ಸೆ ನಿಲ್ಲಿಸ್ತೀರಾ?"

"ಖಂಡಿತ ಇಲ್ಲ."

"ಮಧ್ಯದಲ್ಲಿ ಸಾಕು ಅನ್ನಿಸಿದ್ರೆ?"

"ಯಾವಾಗ ಬೇಕಾದ್ರೂ ಬಿಡಬಹುದು. ಕಾರಣಾನೂ ಹೇಳಬೇಕಿಲ್ಲ."

"ಇದರಿಂದ ವಾಸಿ ಆಗುತ್ತಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಗೊತ್ತಿಲ್ಲ. ಅದನ್ನ ತಿಳಿಯೋಕೇ ಈ ಪರೀಕ್ಷೆ. ತೊಂದರೆನೂ ಆಗಬಹುದು. ಆದ್ರೆ ಪ್ರತಿ ಹೆಜ್ಜೆಗೂ ತಪಾಸಣೆ ಮಾಡ್ತೀವಿ."

"ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರಲ್ಲ, ಕೊಡಿ ಪೆನ್ನು" ಎಂದರು ಇವರು. ಜೀವಮಾನದಲ್ಲಿ ಓದಿ ಹಾಕಿದ ಮೊದಲ ರುಜು ಅದು.

ನಾಲ್ಕು ತಿಂಗಳ ಮೇಲೆ ಸ್ಕ್ಯಾನ್ ಮಾಡಿದರು. ಗಡ್ಡೆ ಹೋಗಿಲ್ಲ, ಆದರೆ ಬೆಳೆದಿಲ್ಲ! ಅವತ್ತು ಮೂರನೇ ಮಹಡಿಯ ನಮ್ಮ ಮನೆಗೆ ಇವರು ನಡುವೆ ಒಂದೇ ಒಂದು ಸಲ ನಿಂತು ಹತ್ತಿದರು. ಉಸ್ಸಪ್ಪಾ ಎಂದು ನಾನು ಮೆಟ್ಟಿಲ ಮೇಲೇ ಕುಸಿದು ಅತ್ತುಬಿಟ್ಟೆ.

"ಕಾಯಿಲೆ ನನಗೋ ನಿನಗೋ? ಏಳೇ ಮೇಲೆ" ಎಂದು ಕೈ ಕೊಟ್ಟರು.

ನಿಮ್ಮ ಮನೆಯಲ್ಲೂ ಕಲ್ನಾರಿನ ಧೂಳಲ್ಲಿ ದುಡಿದವರಿದ್ದಾರಾ? ಉಸಿರಾಟಕ್ಕೆ ತೊಂದರೆಯಾದರೆ ತಡಮಾಡಬೇಡಿ, ಆ ಕೆಲಸದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ. ಹೊಸ ಔಷಧಿಯ ಪರೀಕ್ಷೆ ಎಲ್ಲಾದರೂ ನಡೆಯುತ್ತಿದೆಯೇ ಎಂದು ಕೇಳಿ. ಒಪ್ಪುವುದು, ಬಿಡುವುದು ನಿಮ್ಮಿಷ್ಟ. ಪತ್ರವನ್ನು ಮಾತ್ರ ಮನೆಗೆ ತಂದು, ಪೆನ್ಸಿಲ್ ಹಿಡಿದು ಓದಿ. ಸಂಕೋಚ ಬೇಡ. ನಮ್ಮವರು ಹದಿಮೂರು ಪ್ರಶ್ನೆ ಕೇಳಿದರು, ಯಾರೂ ಬೈಯಲಿಲ್ಲ.