ನಡೆಯುತ್ತೆ ಅಂದ ಊರು

ತಮಿಳುನಾಡಿನ ನೆಗಮಂನ ನೇಕಾರ ಕೃಷ್ಣಸಾಮಿಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಒಂದು ಊರನ್ನು ಆರಿಸುವ ಅಧಿಕಾರ ಸಿಕ್ಕಿತು. ಅಲ್ಲಿಯವರೆಗೆ ಅವನು ಆರಿಸಿದ್ದೆಂದರೆ ಸೀರೆಯ ಅಂಚಿನ ಬಣ್ಣ ಮಾತ್ರ. ಅದನ್ನೂ ಕೊನೆಗೆ ಹೆಂಡತಿ ನಾಚಿಯಮ್ಮ ಬದಲಾಯಿಸುತ್ತಿದ್ದಳು.

ಅಧಿಕಾರ ಕೊಟ್ಟವಳು ಮಗಳು ವಿನೋದಿನಿ. ಅವಳೂ ಅವಳ ಗಂಡನೂ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸುಗಳು. ಇಬ್ಬರದೂ ಪಾಳಿಯ ಕೆಲಸ. ಮೂರು ವರ್ಷದ ಜನನಿಯನ್ನು ನೋಡಿಕೊಳ್ಳಲು ಅಪ್ಪ ಅಮ್ಮ ಬಂದು ಜೊತೆಯಲ್ಲಿರಲಿ ಎಂದು ವರ್ಷದಿಂದ ಕರೆಯುತ್ತಿದ್ದಳು. ಈಗ ಆಸ್ಪತ್ರೆಯವರು ಕೊಳ್ಳೇಗಾಲದಲ್ಲೂ ಒಂದು ಶಾಖೆ ತೆರೆದು, ಬೇಕಾದವರು ಅಲ್ಲಿಗೆ ಹೋಗಬಹುದು, ಸೋಮವಾರದೊಳಗೆ ತಿಳಿಸಿ ಎಂದಿದ್ದರು. ಗಾಡಿ ಓಡಿಸಲು ಬಾರದವರು ನೀವು, ಎಲ್ಲದಕ್ಕೂ ನಡೆದು ಹೋಗುವ ಹಾಗಿರಬೇಕು, ಬಾಡಿಗೆಯೂ ಕೈಗೆ ಎಟುಕಬೇಕು, ಆದ್ದರಿಂದ ಎರಡು ಊರಲ್ಲಿ ಯಾವುದೆಂದು ನೀವೇ ಹೇಳಿ ಎಂದಳು ವಿನೋದಿನಿ.

ಗಾಡಿ ಓಡಿಸಲು ಬಾರದವರು ಎಂಬುದು ಮರ್ಯಾದೆಯ ಮಾತು. ಕೃಷ್ಣಸಾಮಿ ಎರಡು ಸಲ ಮೊಪೆಡ್ ಹತ್ತಿ ಎರಡು ಸಲವೂ ಬಿದ್ದಿದ್ದ. ಎರಡನೆಯ ಸಲ ಮಾರಪ್ಪನ್‌ನ ಎಳನೀರಿನ ರಾಶಿಯ ಮೇಲೆ ಬಿದ್ದು, ಒಡೆದ ಕಾಯಿಗೆಲ್ಲ ದುಡ್ಡು ತೆತ್ತು, ಅಷ್ಟನ್ನೂ ಅಲ್ಲೇ ನಿಂತು ಕುಡಿದು ಬಂದಿದ್ದ. ನಡಿಗೆಯಲ್ಲಾದರೋ ಅವನನ್ನು ಮೀರಿಸುವವರಿರಲಿಲ್ಲ. ಬೆಳಗಿನ ಜಾವ ಬೀದಿಯುದ್ದಕ್ಕೂ ಪಾವಿನ ನೂಲು, ಎಂದರೆ ಸೀರೆಯ ಹಾಸಿನ ನೂಲು, ಎಳೆದು ಕಟ್ಟಿ, ಗಂಜಿ ಹಚ್ಚುತ್ತ ಆ ತುದಿಗೂ ಈ ತುದಿಗೂ ಓಡಾಡುವುದೇ ಅವನ ಕಸುಬು. ನಲವತ್ತು ವರ್ಷ ಹಾಗೆ ನಡೆದು ಅವನು ತಲುಪಿದ್ದು ಮಾತ್ರ ಅದೇ ಬೀದಿಯ ಇನ್ನೊಂದು ತುದಿಯನ್ನು.

ಮಗಳಿಗೆ ಹೇಳದ ಒಂದು ಷರತ್ತು ಅವನ ಹೊಟ್ಟೆಯೊಳಗಿತ್ತು. ಮಗ್ಗ ಜೊತೆಯಲ್ಲಿ ಬರಬೇಕು. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲಿಳಿಸಿ ಕೂತು ನೇಯುವ ಮಗ್ಗ ಅದು. ಮಗ್ಗವಿಲ್ಲದ ಊರಿನಲ್ಲಿ ಬೆಳಗಾದರೆ ಕಾಲನ್ನು ಎಲ್ಲಿ ಇಡಬೇಕೆಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ‘ಹಾಗಾದರೆ ಬರಬೇಡಿ’ ಎಂದು ಬಿಟ್ಟಾಳೆಂಬ ಹೆದರಿಕೆ.

ವಿನೋದಿನಿ ಊರಿಗೊಂದರಂತೆ ಬಾಡಿಗೆ ಮನೆಯವರ ಎರಡು ನಂಬರು ಕಳಿಸಿ, ಬೇಕಾದರೆ ತಾನೇ ಮಾತಾಡುತ್ತೇನೆಂದಳು. ಕೃಷ್ಣಸಾಮಿಗೆ ಅವಮಾನವಾಯಿತು. ಅಜ್ಜನ ಅಜ್ಜನ ಕಾಲದಿಂದ ಮನೆಯಲ್ಲಿ ಕನ್ನಡ ಆಡಿದವರು, ಕನ್ನಡದ ಊರಿಗೆ ಹೋಗಲು ನಡುವೆ ಒಬ್ಬರು ಬೇಕೆ? ಅಕ್ಷರ ಬಾರದಿರಬಹುದು. ಮಾತು ಬಾರದೆ ಏನು? ಹಾಳೆಯ ಮೇಲೆ ತಮಿಳಿನಲ್ಲಿ ಎರಡೂ ಊರಿನ ಹೆಸರು ಬರೆದು, ಪಕ್ಕದಲ್ಲಿ ‘ನಡೆಯಬಹುದೋ ಇಲ್ಲವೋ’ ಎಂಬುದಕ್ಕೆ ಗೆರೆ ಎಳೆದು, ಕನ್ನಡಕ ಒರೆಸಿಕೊಂಡು ಕುಳಿತ.

ಅವನ ಮನೆಯ ಕನ್ನಡದಲ್ಲಿ ಕಾಲಿದ್ದದ್ದು ಮಾತ್ರ ನಡೆಯುತ್ತಿತ್ತು. ಉಳಿದದ್ದೆಲ್ಲ ಆಗುತ್ತಿತ್ತು, ಇಲ್ಲವೇ ಆಗುತ್ತಿರಲಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲ.

ಮೊದಲು ಕೊಳ್ಳೇಗಾಲದ ಮನೆಯೊಡತಿ. ಬಾಡಿಗೆ ಏಳು ಸಾವಿರ ಎಂದಳು ಆ ಹೆಂಗಸು. ಸಂತೆಯ ಅಭ್ಯಾಸ, ಅವನು ಐದಕ್ಕೆ ಎಳೆದ.

"ಅಷ್ಟಕ್ಕೆ ನಡೆಯಲ್ಲಪ್ಪ."

"ಚೂರೂ ನಡೆಯಲ್ವಾ?"

"ಚೂರೂ ನಡೆಯಲ್ಲ."

ಕೃಷ್ಣಸಾಮಿಗೆ ಮರುಕವಾಯಿತು. ಚೂರೂ ನಡೆಯಲಾಗದ ಊರಿನಲ್ಲಿ ಪಾಪ, ಆಯಮ್ಮ ಹೇಗೆ ಬಾಳುತ್ತಿದ್ದಾಳೋ. ಬೀದಿಗಳೆಲ್ಲ ಕೆಸರಿರಬೇಕು. ಹುಷಾರಾಗಿರಿ ಎಂದು ಹೇಳಿ ಫೋನಿಟ್ಟು, ಕೊಳ್ಳೇಗಾಲವನ್ನು ಹೊಡೆದು ಹಾಕಿದ.

ಮೈಸೂರಿನ ಬ್ರೋಕರ್ ಬಂಗಾರದಂಥ ಮನುಷ್ಯ. ಇಬ್ಬರು ಮುದುಕರಿದ್ದೇವೆ ಎಂದರೆ ನಡೆಯುತ್ತೆ ಸಾರ್ ಎಂದ. ಮಾರ್ಕೆಟ್ಟು ಎಂದರೆ ನಡೆಯುತ್ತೆ, ಆಸ್ಪತ್ರೆ ಎಂದರೆ ನಡೆಯುತ್ತೆ, ಒಂಬತ್ತು ಸಾವಿರ ಬಾಡಿಗೆ ಎಂದರೆ ಅದಕ್ಕೂ ನಡೆಯುತ್ತೆ. ಕೇಳದಿದ್ದರೂ ತಾನಾಗಿ, ಕೋಳಿ ಗೀಳಿ ಎಲ್ಲಾ ನಡೆಯುತ್ತೆ, ಓನರ್ ಏನೂ ಅನ್ನಲ್ಲ ಎಂದು ಸೇರಿಸಿದ. ಅಂಗಳದಲ್ಲಿ ಕೋಳಿ ಓಡಾಡುವ ಮೈಸೂರನ್ನು ನೆನೆದು, ಪಕ್ಕದಲ್ಲೇ ಕೇಳುತ್ತಿದ್ದ ನಾಚಿಯಮ್ಮನ ಮುಖವೂ ಅರಳಿತು.

ಕೃಷ್ಣಸಾಮಿ ದನಿ ತಗ್ಗಿಸಿ, ತನ್ನೂರಿನ ಮರ್ಯಾದೆಯ ‘ಉಂಗ’ ಸೇರಿಸಿ ಕೊನೆಯದನ್ನು ಕೇಳಿದ. "ಮನೇಲಿ ಮಗ್ಗ ಇಟ್ಕೊಳ್ಳೋದುಂಗ?"

"ಮಗ್ಗನಾ? ಮಗ್ಗ ನಡೆಯಲ್ಲ ಸಾರ್."

ಕೃಷ್ಣಸಾಮಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಮಗ್ಗ ಯಾವೂರಲ್ಲಿ ತಾನೆ ನಡೀತುಂಗ? ನಾನೇ ಲಾರೀಲಿ ಹಾಕ್ಕೊಂಡು ಬತ್ತೀನಿ." ಆ ಕಡೆಯವನೂ ಏಕೆಂದು ತಿಳಿಯದೆ ನಕ್ಕ. ಇಂಥ ತಮಾಷೆಯ ಜನ ತಮಿಳುನಾಡಿನಲ್ಲಿ ಎಲ್ಲಿದ್ದಾರೆ ಎಂದುಕೊಂಡ ಕೃಷ್ಣಸಾಮಿ.

ಸಂಜೆಯೊಳಗೆ ಸುದ್ದಿ ಬೀದಿಯೆಲ್ಲ ಹರಡಿತು, ಹರಡಿದವನು ಅವನೇ. ಮೈಸೂರಿನಲ್ಲಿ ಕಾಲಿಗೆ ಕೆಲಸ, ಕೈಗೆ ಕೆಲಸ, ಎಲ್ಲ ಹತ್ತಿರ ಎಂದು ಮಾರಪ್ಪನ್‌ಗೆ ವಿವರಿಸಿದ. ರಾಶಿ ಬಿಟ್ಟು ದೂರ ನಿಂತು ಹೇಳಣ್ಣಾ ಎಂದ ಮಾರಪ್ಪನ್. ಮರುದಿನ ಅರ್ಧ ನೇಯ್ದ ಸೀರೆ ಮುಗಿಸಿ, ಮಗ್ಗದ ಹಗ್ಗಗಳನ್ನು ಸಡಿಲಿಸಿ, ಮರದ ತುಂಡುಗಳಿಗೆಲ್ಲ ಸೀಮೆಸುಣ್ಣದಲ್ಲಿ ನಂಬರು ಹಾಕಿದ. ಆಮೇಲೆ ಬ್ರೋಕರಿಗೆ ಅಡ್ವಾನ್ಸ್ ಕಳಿಸು ಎಂದು ಮಗಳಿಗೆ ಹೇಳಿದ.

ವಿನೋದಿನಿ ಕಳಿಸುವ ಮುನ್ನ ಬ್ರೋಕರಿಗೆ ತಾನೊಮ್ಮೆ ಫೋನ್ ಮಾಡಿದಳು. ಭಾನುವಾರ ಮಧ್ಯಾಹ್ನ ಅಪ್ಪನಿಗೆ ಮಾಡಿದಾಗ ಅವಳ ದನಿಯಲ್ಲಿ ನಗುವೋ ಸಿಟ್ಟೋ ತಿಳಿಯುವಂತಿರಲಿಲ್ಲ. ಮಾರ್ಕೆಟ್ಟಿಗೆ ಎರಡು ಬಸ್ಸು ಹತ್ತಬೇಕಂತೆ. ಆಸ್ಪತ್ರೆಗೆ ಆಟೋನೇ ಗತಿಯಂತೆ.

"ನಡೆಯುತ್ತೆ ಅಂತ ಅವನೇ ಹೇಳಿದ್ನಲ್ಲ ಅಮ್ಮಣಿ?"

"ಇಲ್ಲಿ ನಡೆಯುತ್ತೆ ಅಂದ್ರೆ ಆಗ್ತದೆ ಅಂತ ಅಪ್ಪಾ. ಪರವಾಗಿಲ್ಲ ಅಂತ. ಕಾಲಿಗೂ ಅದಕ್ಕೂ ಸಂಬಂಧ ಇಲ್ಲ."

ಕೃಷ್ಣಸಾಮಿ ಹಾಳೆಯನ್ನು ನೋಡಿದ. ಮೈಸೂರಿನ ಕೋಳಿಗಳು ಒಂದೊಂದಾಗಿ ಅಂಗಳ ಬಿಟ್ಟು ಸಾರಿನ ಪಾತ್ರೆಗೆ ಇಳಿದವು. ಚೂರೂ ನಡೆಯಲಾಗದ ಕೊಳ್ಳೇಗಾಲದ ಹೆಂಗಸಿಗೆ ಹುಷಾರಾಗಿರಿ ಎಂದದ್ದು ನೆನಪಾಗಿ ಕಿವಿ ಬಿಸಿಯಾಯಿತು. ಕೊನೆಗೆ ಸೀಮೆಸುಣ್ಣದ ನಂಬರುಗಳ ಕಡೆ ಕಣ್ಣು ಹೋಯಿತು.

"ಹಂಗಾದ್ರೆ ಮಗ್ಗ ನಡೆಯಲ್ಲ ಅಂದದ್ದು?"

"ಮಗ್ಗ ಇಡಬಾರದು ಅಂತ. ಅದು ಮೂರನೇ ಮಹಡಿ ಅಪ್ಪಾ. ನೀವು ಗುಂಡಿ ತೋಡಿದ್ರೆ ಕಾಲು ಕೆಳಗಿನವರ ಅಡಿಗೆಮನೇಲಿ ಇಳೀತದೆ." ನಕ್ಕು ಮುಗಿಸಿದ ಮೇಲೆ ಅವಳು ಕೇಳಿದಳು. "ಮಗ್ಗ ತರ್ತೀರಾ?"

ಅವನು ಮರದ ತುಂಡೊಂದರ ಮೇಲಿನ ಸೀಮೆಸುಣ್ಣವನ್ನು ಬೆರಳಿನಿಂದ ಒರೆಸಿದ. "ಅದಿಲ್ದೆ ನನಗಾಗಲ್ಲ ಅಮ್ಮಣಿ. ನಡೆಯಲ್ಲ ಅಂತಾನೇ ಬೇಕಾದ್ರೂ ಇಟ್ಕೋ."

"ಇದನ್ನ ಮೊದಲೇ ಹೇಳೋಕೇನಾಗಿತ್ತು? ಮನೆ ಹುಡುಕೋದಕ್ಕೆ ಮುಂಚೆ ಹೇಳೋ ಮಾತು ಇದು."

ಬರಬೇಡಿ ಎನ್ನಲಿಲ್ಲ. ನಾಳೆ ಹತ್ತು ಗಂಟೆಗೆ ಆಸ್ಪತ್ರೆಗೆ ಊರಿನ ಹೆಸರು ಕೊಡಬೇಕು, ಕೊಳ್ಳೇಗಾಲಕ್ಕೆ ತಾನು ಕೇಳಲೇ ಎಂದಳು. ಬೇಡ, ತಾನು ಕೆಡಿಸಿದ್ದನ್ನು ತಾನೇ ಕೇಳುತ್ತೇನೆ ಎಂದ ಕೃಷ್ಣಸಾಮಿ.

ಈ ಸಲ ಬಾಡಿಗೆಯನ್ನು ಎಳೆಯಲಿಲ್ಲ. ನಡೆಯೆಂಬ ಮಾತು ಬಾಯಿಂದ ಜಾರದಂತೆ ಬಾವಿಗೆ ಇಳಿಯುವವನ ಹಾಗೆ ಒಂದೊಂದೇ ಮೆಟ್ಟಿಲು ಹುಡುಕುತ್ತ ಮಾತಾಡಿದ. ಮನೆ ನೆಲದ ಮೇಲೆಯೇ ಇತ್ತು. ಆಸ್ಪತ್ರೆಗೂ ಸಂತೆಗೂ ಎಷ್ಟು ದೂರವೆಂದು ಕೇಳಿದರೆ, ಕಾಲಿನಲ್ಲಿ ಹೋದರೆ ಹತ್ತು ನಿಮಿಷ ಎಂದಳು ಮನೆಯೊಡತಿ. ಕಾಲಿನಲ್ಲಿ ಎಂದದ್ದು ಅವನಿಗೆ ದೇವರ ಮಾತಿನಂತೆ ಕೇಳಿಸಿತು. ಮಗ್ಗಕ್ಕೆ ಗುಂಡಿ ಬೇಕೆಂದಾಗ ಅವಳು ಯೋಚಿಸಿದಳು. ಹಿತ್ತಲ ಕೊಟ್ಟಿಗೆಯಲ್ಲಿ ಮಣ್ಣಿನ ನೆಲವಿದೆ, ತೋಡಿಕೊಳ್ಳಿ, ಬಿಟ್ಟು ಹೋಗುವಾಗ ಮುಚ್ಚಿ ಹೋಗಿ ಎಂದಳು. ಸದ್ದಾಗುತ್ತದೆ ಎಂದು ಅವನೇ ಒಪ್ಪಿಕೊಂಡ.

"ಊಟ ಆದ್ಮೇಲೆ ಎರಡು ಗಂಟೆ ನಾನು ಮಲಗ್ತೀನಿ. ಆಗ ನಡೆಯಲ್ಲ. ಮಿಕ್ಕ ಹೊತ್ತು ನಡೆಯುತ್ತೆ."

ಕೃಷ್ಣಸಾಮಿ ಕೇಳಿಯೇಬಿಟ್ಟ. "ನಡೆಯುತ್ತೆ ಅಂದ್ರೆ... ಆಗ್ತದೆ ಅಂತ ತಾನೇಂಗ?"

"ಮತ್ತಿನ್ನೇನಪ್ಪ?"

ಹಾಳೆಯಲ್ಲಿ ಹೊಡೆದು ಹಾಕಿದ್ದ ಕೊಳ್ಳೇಗಾಲದ ಕೆಳಗೆ ಇನ್ನೊಮ್ಮೆ ಕೊಳ್ಳೇಗಾಲ ಎಂದು ಬರೆದ. ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ನಾಚಿಯಮ್ಮ, ಏನುಂಗ, ಅಲ್ಲಿ ಕೋಳಿ ನಡೀತದಾ ಎಂದಳು.

ಅವನು ಫೋನನ್ನು ಅವಳ ಕೈಗೆ ಕೊಟ್ಟು ಹಗ್ಗ ಸುತ್ತಲು ಹೋದ.